ಸೀಮೆಸುಣ್ಣದ ಎರಡು ಇಳಿಜಾರು

ಡೊಕ್ಕುಮ್ ಊರಿನ ಕಾಲುವೆಗೆ ಬೆನ್ನು ಹಾಕಿ ಕೂತ ಕಾರ್ಖಾನೆ.
ಚರ್ಚುಗಳ ಆರ್ಗನ್ನಿಗೆ ಕೊಳವೆ ಮಾಡುತ್ತೇವೆ ಇಲ್ಲಿ.
ಒಳಗೋಡೆಗೆ ಕರಿಬಣ್ಣ, ಅದರ ಮೇಲೆ
ಬಾವ್ಕೆ ಎಳೆದ ಸೀಮೆಸುಣ್ಣದ ಗೆರೆಗಳು.
ನಾನು ಬಂದ ಮೇಲೆ ಯಾರೂ ಒರೆಸಿಲ್ಲ.

ಎಡತುದಿ ಬರೀ ಸೀಸ:
ಕರಗಲು ಮುನ್ನೂರ ಇಪ್ಪತ್ತೇಳು ಡಿಗ್ರಿ.
ಬಲತುದಿ ಬರೀ ತವರ: ಇನ್ನೂರ ಮೂವತ್ತೆರಡು ಸಾಕು.
ಎರಡೂ ದಂಡೆಯಿಂದ ಗೆರೆ ಇಳಿಯುತ್ತದೆ
ದನ ನೀರಿಗಿಳಿಯುವ ಹಾದಿಯ ಹಾಗೆ.
ಕೂಡುವ ತಗ್ಗಿನಲ್ಲಿ ನೂರ ಎಂಬತ್ತಮೂರು,
ಅಷ್ಟು ತಂಪಿನಲ್ಲಿ ಒಂಟಿಯಾಗಿ ಯಾವುದೂ ನೀರಾಗಿ ಉಳಿಯದು.

"ಮದುವೆಗೆ ಹೋಲಿಸಬೇಡ" ಅಂದಳು ಬಾವ್ಕೆ, ನಾನು ಬಾಯಿ ತೆರೆಯುವ ಮೊದಲೇ.
"ಬಂದವರೆಲ್ಲ ಹೋಲಿಸುತ್ತಾರೆ. ನನಗೆ ಎರಡು ಸಲ ಆಗಿದೆ. ಹೀಗಿರಲಿಲ್ಲ."

ಗೆರೆಯ ಮೇಲೆಲ್ಲ ನೀರು.
ಅಡ್ಡಗೆರೆಯ ಅಡಿಯಲ್ಲೆಲ್ಲ ಗಟ್ಟಿ.
ನಡುವಿನ ಸೊಟ್ಟ ತ್ರಿಕೋನದಲ್ಲಿ ಗಂಜಿ,
ಅಗುಳೂ ಇದೆ, ತಿಳಿಯೂ ಇದೆ.
ನಮ್ಮ ಅನ್ನವೆಲ್ಲ ಆ ಗಂಜಿಯಲ್ಲೇ.
ತಳವಿಲ್ಲದ ಪೆಟ್ಟಿಗೆಗೆ ಲೋಹ ಸುರಿದು ಕಾಯಬೇಕು,
ಅಗುಳು ಮೂಡಿದ ಕ್ಷಣ ಮೇಜಿನುದ್ದ ಎಳೆದುಕೊಂಡು ಓಡಬೇಕು.
ಮುಂಚೆ ಓಡಿದರೆ ಅಂಚಿನಿಂದ ಸುರಿದು ಚಪ್ಪಲಿ ಸುಡುತ್ತದೆ,
ತಡವಾದರೆ ಪೆಟ್ಟಿಗೆಗೇ ಹೆಪ್ಪು.
ನನ್ನ ಎಡಪಾದಕ್ಕೆ ಮೊದಲನೆಯದು ಗೊತ್ತು.

ಯಾವುದು ಎಷ್ಟು ಎಂಬ ಲೆಕ್ಕ ಮಾತ್ರ
ಬಹಳ ದಿನ ತಲೆಗೆ ಹೋಗಲಿಲ್ಲ.
ಒಂದು ಸಂಜೆ ಅವಳು ಅಪ್ಪನ ತೂಗುಕೋಲು ತಂದಳು,
ಹಾವುಮೀನು ಮಾರುತ್ತಿದ್ದವನು, ಕೋಲಿಗೆ ಇನ್ನೂ ಆ ವಾಸನೆ.
"ಮೂವತ್ತು ಪಾಲು ತವರ. ಇನ್ನೂರು ಡಿಗ್ರಿ. ಅಡ್ಡಕ್ಕೆ ಗೆರೆ ಎಳೆ.
ಎಡಕ್ಕೆ ಹದಿನೆಂಟರಲ್ಲಿ ಅಗುಳು ಸಿಗುತ್ತದೆ,
ಬಲಕ್ಕೆ ಐವತ್ತೇಳರಲ್ಲಿ ತಿಳಿ.
ಈಗ ಮೂವತ್ತಕ್ಕೆ ಹಗ್ಗ ಕಟ್ಟಿ ಎತ್ತು.
ಈ ತೋಳು ಹನ್ನೆರಡು, ಆ ತೋಳು ಇಪ್ಪತ್ತೇಳು.
ಗಿಡ್ಡ ತೋಳಿಗೆ ಭಾರ ಹೆಚ್ಚು ಬೇಕಲ್ಲ, ಪೆದ್ದ?
ಅಗುಳು ಇಪ್ಪತ್ತೇಳು ಪಾಲು. ತಿಳಿ ಹನ್ನೆರಡು."
ಕೋಲು ನಿಂತಿತು, ಅಲುಗದೆ.

ನವೆಂಬರಿನಲ್ಲಿ ಕಡಲದಿಬ್ಬದ ಹಳ್ಳಿಯೊಂದರ
ಚರ್ಚು ಮುಚ್ಚಿತು. ಸೈಕಲ್ ಅಂಗಡಿಯಾಗುತ್ತದಂತೆ.
ಕೊಳವೆಗಳು ಬಂದವು ಕುದುರೆಕಂಬಳಿಯಲ್ಲಿ ಸುತ್ತಿಕೊಂಡು,
ಜೊತೆಗೆ ಅವನ್ನು ಮಾಡಿದ ತ್ಯಾಲಿಂಗನ ರಸೀದಿ,
ಇನ್ನೂರು ವರ್ಷದ ಶಾಯಿ: "ಅರ್ಧ ತವರ, ಅರ್ಧ ಸೀಸ,
ದೇವರಾಣೆ."

ಸೀಳಿದ ಎಂಟು ಕೊಳವೆಗಳನ್ನು ಕರಗಿಸಿದೆವು.
ಒಲೆ ಆರಿಸಿ, ಮುಳ್ಳು ನೋಡುತ್ತ ಕೂತೆವು.
ಅರ್ಧಕ್ಕರ್ಧವಾದರೆ ಇನ್ನೂರ ಹದಿನೈದರ ಹತ್ತಿರ ಅಗುಳು.
ಮುನ್ನೂರು. ಇನ್ನೂರ ತೊಂಬತ್ತು.
ಇನ್ನೂರ ಎಪ್ಪತ್ತೈದರಲ್ಲಿ ಮುಳ್ಳು ತಡವರಿಸಿತು,
ಸುಳ್ಳು ಹೇಳಿ ಸಿಕ್ಕಿಬಿದ್ದವನ ಕಣ್ಣಿನ ಹಾಗೆ,
ಪಾತ್ರೆಯಂಚಿನಲ್ಲಿ ರವೆ ರವೆ.

ಬಾವ್ಕೆ ಗೋಡೆಗೆ ಹೋಗಿ ಬೆರಳಿಟ್ಟಳು,
ಎಪ್ಪತ್ತೈದರಿಂದ ಅಡ್ಡಕ್ಕೆ, ಇಳಿಜಾರು ಮುಟ್ಟಿ ನೇರ ಕೆಳಕ್ಕೆ.
ತವರ ಕಾಲುಭಾಗವೂ ಇಲ್ಲ.
"ಕಳ್ಳ" ಅಂದಳು. ನಕ್ಕಳು. ಮತ್ತೆ
ಸೀಳದ ಕೊಳವೆಯೊಂದನ್ನು ಬಾಯಿಗಿಟ್ಟು ಊದಿದಳು.

ಹೇಗೆ ಹೇಳಲಿ. ಮಂಜಿನಾಚೆಯಿಂದ ಹಸು ಕರೆದ ಹಾಗೆ.

"ತವರ ಸೇರಿಸಲೇ? ರಸೀದಿಯ ಲೆಕ್ಕಕ್ಕೆ?"
ಅವಳು ಉತ್ತರಿಸಲಿಲ್ಲ. ಮುಳ್ಳು ಇಳಿಯುತ್ತಲೇ ಇತ್ತು.
ನೂರ ಎಂಬತ್ತಮೂರರಲ್ಲಿ ನಿಂತಿತು,
ಎಲ್ಲ ಬೆರಕೆಯೂ ನಿಲ್ಲುವ ಕಡೆ. ಹೆಚ್ಚು ಹೊತ್ತಲ್ಲ,
ಉಳಿದ ತಿಳಿ ಅಷ್ಟೇ ಇತ್ತು.
ಮೂಗು ಸೀನುವಷ್ಟು ಹೊತ್ತು. ಆಮೇಲೆ ಎಲ್ಲ ಗಟ್ಟಿ.

"ಪುಸ್ತಕದಲ್ಲಿ ಇದ್ದದ್ದನ್ನು ಬರಿ" ಅಂದಳು,
"ಒಲೆ ಹಚ್ಚು. ಏನೂ ಸೇರಿಸಬೇಡ."